ಅರ್ಧ ಹೋಳು ಕಾಯಿ, ಮಿಕ್ಕ ಹಿಟ್ಟು, ರಾತ್ರಿಯ ಅನ್ನ: ಎತ್ತಿಡುವುದು ಹೇಗೆ, ಮುಗಿಸುವುದು ಹೇಗೆ

ವಾರದ ಕೊನೆಗೆ ಫ್ರಿಜ್ ಬಾಗಿಲು ತೆಗೆದರೆ ಹೆಚ್ಚಿನ ಮನೆಗಳಲ್ಲಿ ಸಿಗುವುದು ಇಷ್ಟು: ಲೋಳೆಯಾದ ಕಾಯಿ ಹೋಳು, ಕಪ್ಪು ತಿರುಗಿದ ಕೊತ್ತಂಬರಿ ಕಟ್ಟು, ಹುಳಿ ಮೀರಿದ ದೋಸೆ ಹಿಟ್ಟು, ಯಾವತ್ತಿನದೆಂದು ಯಾರಿಗೂ ನೆನಪಿಲ್ಲದ ಬೆಂದ ಬೇಳೆ. ಎಲ್ಲವನ್ನೂ ಜೋಪಾನವಾಗಿಯೇ ಎತ್ತಿಟ್ಟಿರುತ್ತಾರೆ. ಆದರೂ ಕಸಕ್ಕೆ ಹೋಗುತ್ತದೆ.

ತಪ್ಪಿರುವುದು ಡಬ್ಬಿಯಲ್ಲಲ್ಲ, ಕ್ರಮದಲ್ಲಿ. ಮೊದಲು ಎತ್ತಿಟ್ಟು, ಏನು ಮಾಡುವುದೆಂದು ಆಮೇಲೆ ಯೋಚಿಸುತ್ತೇವೆ. ಅದು ತಿರುಗಬೇಕು: ಮುಂದಿನ ಅಡುಗೆ ಯಾವುದೆಂದು ಮೊದಲು ಗೊತ್ತುಮಾಡಿ, ಆ ಅಡುಗೆಗೆ ಬೇಕಾದ ರೂಪದಲ್ಲೇ ಎತ್ತಿಡಬೇಕು. ಬಸ್ಸಾರು ಮಾಡುವವರು ಸೊಪ್ಪು ಕಾಳು ಒಲೆಗೆ ಏರಿಸುವ ಮೊದಲೇ ಬಸಿದ ನೀರು ಸಾರಿಗೆ, ಬಸಿದುಳಿದದ್ದು ಪಲ್ಯಕ್ಕೆ ಎಂದು ಲೆಕ್ಕ ಹಾಕಿರುತ್ತಾರೆ. ಹೋಳಿಗೆಯ ದಿನ ಬೇಳೆ ಕಟ್ಟನ್ನು ಯಾರೂ ಚೆಲ್ಲುವುದಿಲ್ಲ, ಅದು ಹೋಳಿಗೆ ಸಾರಿಗೆಂದು ಎಲ್ಲರಿಗೂ ಗೊತ್ತು. ಉಳಿದ ಪದಾರ್ಥಗಳಿಗೂ ಇದೇ ಲೆಕ್ಕ ಹಿಡಿಯಬೇಕು.

ಬೇಕಾದ ಸಾಮಾನು

ಹೊಸದಾಗಿ ಕೊಳ್ಳುವುದು ಹೆಚ್ಚೇನಿಲ್ಲ. ಬಿಗಿ ಮುಚ್ಚಳದ ಸಣ್ಣ ಡಬ್ಬಿಗಳು ಆರೇಳು, ಒಗೆದು ಒಣಗಿಸಿದ ಹತ್ತಿ ಬಟ್ಟೆಯ ತುಂಡುಗಳು ನಾಲ್ಕು, ಒಂದು ಐಸ್ ಟ್ರೇ, ಒತ್ತಿ ಮುಚ್ಚುವ ಜಿಪ್ ಕವರುಗಳು, ಕಾಗದದ ಅಂಟು ಟೇಪು, ಒಂದು ಮಾರ್ಕರ್ ಪೆನ್ನು. ಡಬ್ಬಿ ಸಣ್ಣದಾಗಿರಲಿ. ದೊಡ್ಡ ಡಬ್ಬಿಯಲ್ಲಿ ಒಂದು ಹಿಡಿ ಪದಾರ್ಥ ಇಟ್ಟರೆ ಒಳಗೆ ಗಾಳಿಯೇ ಜಾಸ್ತಿ ಉಳಿಯುತ್ತದೆ. ಜಾಗವೂ ದಂಡ.

ಟೇಪಿನ ಮೇಲೆ ತಾರೀಖು ಮಾತ್ರ ಬರೆದರೆ ಸಾಲದು. ‘ಸೋಮವಾರ, ಹುಳಿಗೆ’, ‘ಬುಧವಾರ, ಪಡ್ಡಿಗೆ’ ಎಂದು ಅಡುಗೆಯ ಹೆಸರೂ ಇರಲಿ. ಹೆಸರಿದ್ದ ಡಬ್ಬಿಗೆ ಕೈ ಹೋಗುತ್ತದೆ, ಹೆಸರಿಲ್ಲದ್ದು ಹಿಂದೆ ಸರಿದು ಕೊಳೆಯುತ್ತದೆ.

ಹಂತ 1: ಮಿಕ್ಕದ್ದನ್ನು ಮೂರು ಪಾಲು ಮಾಡಿ

ಅಡುಗೆ ಮುಗಿದ ಕೂಡಲೇ, ಕಟ್ಟೆ ಒರೆಸುವ ಮೊದಲು, ಉಳಿದ ಪದಾರ್ಥವನ್ನೆಲ್ಲ ಒಂದೆಡೆ ಇಟ್ಟು ನೋಡಿ. ನಾಳೆಯೊಳಗೆ ಮುಗಿಯಬೇಕಾದವು ಒಂದು ಪಾಲು: ಅನ್ನ, ಬೆಂದ ಬೇಳೆ, ಕಾಯಿ ಹಾಕಿ ರುಬ್ಬಿದ ಮಸಾಲೆ, ಹೆಚ್ಚಿದ ಈರುಳ್ಳಿ. ನಾಲ್ಕೈದು ದಿನ ತಾಳುವವು ಎರಡನೆಯದು: ದೋಸೆ ಹಿಟ್ಟು, ಸೊಪ್ಪು, ಮೊಸರು. ಈ ವಾರ ಹೇಗೂ ಮುಗಿಯುವುದಿಲ್ಲ ಎನಿಸಿದ್ದು ಮೂರನೆಯದು. ಅದನ್ನು ಇವತ್ತೇ ಫ್ರೀಜರಿಗೆ ಹಾಕಿ.

ಇಲ್ಲಿ ಆಗುವ ದೊಡ್ಡ ತಪ್ಪೆಂದರೆ ಮೂರು ದಿನ ಕೆಳಗಿಟ್ಟು, ಕೆಡುವ ಲಕ್ಷಣ ಕಂಡ ಮೇಲೆ ಫ್ರೀಜರಿಗೆ ಏರಿಸುವುದು. ಫ್ರೀಜರ್ ಕೆಡುವಿಕೆಯನ್ನು ಇದ್ದಲ್ಲಿ ನಿಲ್ಲಿಸುತ್ತದೆ, ಹಿಂದಕ್ಕೆ ತಿರುಗಿಸುವುದಿಲ್ಲ. ಹಳಸಲು ಹೊರಟದ್ದು ಹೊರಗೆ ಬಂದ ಮೇಲೂ ಹಾಗೆಯೇ ಇರುತ್ತದೆ.

ಹಂತ 2: ನೀರು ತೆಗೆಯಿರಿ, ಬಿಸಿ ಆರಿಸಿ

ಸೊಪ್ಪಾಗಲಿ ತರಕಾರಿಯಾಗಲಿ, ತೊಳೆದು ಒದ್ದೆಯಲ್ಲೇ ಎತ್ತಿಟ್ಟರೆ ಕೊಳೆಯಲು ದಾರಿ ಮಾಡಿಕೊಟ್ಟಂತೆ. ತೊಳೆಯುವುದು ಬಳಸುವಾಗ ಮಾತ್ರ. ತೊಳೆದೇಬಿಟ್ಟಿದ್ದರೆ ಬಟ್ಟೆಯ ಮೇಲೆ ಹರಡಿ, ಕೈಗೆ ತೇವ ತಾಕದಷ್ಟು ಆರಿದ ಮೇಲೆ ಡಬ್ಬಿಗೆ ಹಾಕಿ.

ಬೇಯಿಸಿದ್ದಕ್ಕೆ ಬೇರೆ ಎಚ್ಚರ ಬೇಕು. ಸುಮಾರು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ರೋಗಾಣುಗಳು ವೇಗವಾಗಿ ಬೆಳೆಯುತ್ತವೆ. ಉಗುರುಬೆಚ್ಚಗಿನ ಪಾತ್ರೆ ಗಂಟೆಗಟ್ಟಲೆ ಕಟ್ಟೆಯ ಮೇಲೆ ಕೂತರೆ ಅವಕ್ಕೆ ಬೇಕಾದಷ್ಟು ಹೊತ್ತು ಸಿಕ್ಕಂತೆ. ಹಾಗೆಂದು ಕುದಿಯುವ ಬೇಳೆಯ ದೊಡ್ಡ ಪಾತ್ರೆಯನ್ನೇ ಫ್ರಿಜ್ಜಿನೊಳಗೆ ತಳ್ಳಬೇಡಿ, ಪಕ್ಕದ ಹಾಲು ಮೊಸರೂ ಬಿಸಿಯಾಗುತ್ತದೆ. ಅಗಲ ಪಾತ್ರೆಗಳಿಗೆ ಎರಡು ಬೆರಳ ಎತ್ತರದಷ್ಟೇ ಸುರಿದು, ತಣ್ಣೀರಿನ ತಟ್ಟೆಯಲ್ಲಿ ಕೂರಿಸಿ, ಆಗಾಗ ಕಲಕಿ. ಬೇಗ ಆರುತ್ತದೆ. ಹಬೆ ನಿಂತ ಮೇಲೆ ಮುಚ್ಚಳ ಹಾಕಿ. ಮೊದಲೇ ಮುಚ್ಚಿದರೆ ಮುಚ್ಚಳದ ಬೆವರೆಲ್ಲ ಪದಾರ್ಥದ ಮೇಲೇ ಬೀಳುತ್ತದೆ.

ಹಂತ 3: ತೆಂಗಿನಕಾಯಿ

ನಮ್ಮ ಅಡುಗೆಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಅರ್ಧ ಉಳಿಯುವುದು, ಎಲ್ಲಕ್ಕಿಂತ ಹೆಚ್ಚು ಸಲ ಕೆಡುವುದು ಇದೇ.

ಒಡೆದ ಕೂಡಲೇ ಎರಡೂ ಹೋಳಿನ ಒಳಭಾಗವನ್ನು ಒಣ ಬಟ್ಟೆಯಿಂದ ಒರೆಸಿ. ಒಳಗೆ ಅಂಟಿದ ಕಾಯಿನೀರಿನಲ್ಲಿ ಸಕ್ಕರೆಯಂಶ ಇರುತ್ತದೆ, ಲೋಳೆ ಶುರುವಾಗುವುದು ಅಲ್ಲಿಂದ. ಮೂರು ಕಣ್ಣಿರುವ ಹೋಳನ್ನು ಮೊದಲು ತುರಿಯುವುದು ಹಳೆಯ ರೂಢಿ. ಕಣ್ಣಿಲ್ಲದ ಹೋಳಿನ ಒಳಗೆ ಚಿಟಿಕೆ ಉಪ್ಪು ಸವರಿ, ಬಟ್ಟಲಿನಲ್ಲಿ ಬಾಯಿ ಮೇಲಾಗಿ ಇಟ್ಟು ಫ್ರಿಜ್ಜಿಗೆ ಹಾಕಿ. ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಬೇಡಿ. ಬೆವರು ಹೋಗಲು ದಾರಿಯಿಲ್ಲದೆ ಮಾರನೆಯ ದಿನವೇ ಜಾರುತ್ತದೆ. ಹೀಗಿಟ್ಟ ಹೋಳು ಎರಡು ಮೂರು ದಿನ ಚೆನ್ನಾಗಿರುತ್ತದೆ.

ಅದಕ್ಕೂ ಮೀರುವ ಹಾಗಿದ್ದರೆ ಒಡೆದ ದಿನವೇ ತುರಿದು ಫ್ರೀಜರಿಗೆ ಹಾಕಿ. ಗಾತ್ರ ನೋಡಿಕೊಂಡು ಒಂದು ಹೋಳಿಗೆ ಒಂದರಿಂದ ಒಂದೂವರೆ ಕಪ್ ತುರಿ ಬರುತ್ತದೆ. ಎಲ್ಲವನ್ನೂ ಒಂದೇ ಡಬ್ಬಿಗೆ ತುರುಕಿದರೆ ಕಲ್ಲಾಗುತ್ತದೆ. ಅರ್ಧ ಕಪ್ ಬೇಕಾದಾಗ ಪೂರ್ತಿ ಡಬ್ಬಿ ಹೊರಗಿಟ್ಟು, ಕರಗಿಸಿ, ಮಿಕ್ಕದ್ದನ್ನು ಮತ್ತೆ ಒಳಗಿಡುತ್ತೀರಿ. ಫ್ರೀಜರಿನಲ್ಲಿಟ್ಟರೂ ಕಾಯಿ ಕೆಟ್ಟಿತು ಎನ್ನುವವರ ಮನೆಯಲ್ಲಿ ಸಾಮಾನ್ಯವಾಗಿ ನಡೆದಿರುವುದು ಇದು. ಬದಲಿಗೆ ತುರಿಯನ್ನು ಜಿಪ್ ಕವರಿಗೆ ಹಾಕಿ, ಗಾಳಿ ಒತ್ತಿ ತೆಗೆದು, ಬೆರಳು ದಪ್ಪದ ಹಾಳೆಯ ಹಾಗೆ ತಟ್ಟಿ. ಕವರಿನ ಮೇಲಿಂದಲೇ ಚಾಕುವಿನ ಬೆನ್ನಿನಿಂದ ಗೆರೆ ಒತ್ತಿ ನಾಲ್ಕು ಪಾಲು ಮಾಡಿ, ಮಟ್ಟಸವಾಗಿ ಮಲಗಿಸಿ ಇಡಿ. ಗಟ್ಟಿಯಾದ ಮೇಲೆ ಚಾಕೊಲೇಟ್ ಮುರಿದ ಹಾಗೆ ಬೇಕಾದ ಪಾಲು ಮಾತ್ರ ಮುರಿದುಕೊಳ್ಳಬಹುದು. ಎರಡು ಮೂರು ತಿಂಗಳು ತಾಳುತ್ತದೆ.

ಹುಳಿ, ಸಾಂಬಾರು, ಚಟ್ನಿಗೆ ಇದನ್ನು ಕರಗಿಸಬೇಕಾಗಿಲ್ಲ, ಉಗುರುಬೆಚ್ಚಗಿನ ನೀರು ಹಾಕಿ ರುಬ್ಬಿದರಾಯಿತು. ತಣ್ಣೀರು ಹಾಕಿದರೆ ಕಾಯಿಯ ಎಣ್ಣೆಯಂಶ ಗಟ್ಟಿಯಾಗಿ ಚಟ್ನಿಯಲ್ಲಿ ಬಿಳಿ ಗಂಟು ತೇಲುತ್ತದೆ. ಕೋಸಂಬರಿಗೆ ಬೇಕಾದರೆ ಹಿಂದಿನ ರಾತ್ರಿ ಫ್ರೀಜರಿನಿಂದ ಕೆಳಗಿನ ಅರೆಗೆ ಇಳಿಸಿಡಿ.

ಕರಟದ ಪಕ್ಕದ ಕಂದು ತುರಿ ಬೇರೆ ತೆಗೆದಿಡಿ, ಬಿಳಿ ಚಟ್ನಿಗೆ ಸೇರಿದರೆ ಬಣ್ಣ ಕೆಡುತ್ತದೆ. ಅದು ಚಟ್ನಿಪುಡಿಗೆ ಒಳ್ಳೆಯದು. ಒಂದು ಕಪ್ ಕಂದು ತುರಿಯನ್ನು ಸಣ್ಣ ಉರಿಯಲ್ಲಿ, ಕೈಗೆ ಗರಿಗರಿ ತಾಕುವ ತನಕ ಹುರಿಯಿರಿ. ಅರ್ಧ ಕಪ್ ಹುರಿಗಡಲೆ, ಆರೆಂಟು ಬ್ಯಾಡಗಿ ಮೆಣಸಿನಕಾಯಿ, ಗೋಲಿಯಷ್ಟು ಹುಣಸೆಹಣ್ಣು, ಉಪ್ಪು ಸೇರಿಸಿ ಪುಡಿ ಮಾಡಿ. ಹಸಿ ಕಾಯಿಯ ಪುಡಿ ಕೊಬ್ಬರಿ ಪುಡಿಯಷ್ಟು ದಿನ ಬಾಳುವುದಿಲ್ಲ. ಫ್ರಿಜ್ಜಿನಲ್ಲಿಟ್ಟು ಎರಡು ವಾರದೊಳಗೆ ಮುಗಿಸಿ.

ರುಬ್ಬಿದ ಮಸಾಲೆ ಮಿಕ್ಕರೆ ಐಸ್ ಟ್ರೇಗೆ ಸುರಿಯಿರಿ. ಗಟ್ಟಿಯಾದ ಮೇಲೆ ಗುಳಿಗೆಗಳನ್ನು ಕವರಿಗೆ ವರ್ಗಾಯಿಸಿ, ಹೆಸರು ಬರೆಯಿರಿ. ಹೆಪ್ಪುಗಟ್ಟಿದ ಮೇಲೆ ಸಾಂಬಾರಿನ ಮಸಾಲೆಗೂ ಕೂಟಿನ ಮಸಾಲೆಗೂ ನೋಟದಲ್ಲಿ ವ್ಯತ್ಯಾಸ ಇರುವುದಿಲ್ಲ.

ಎಚ್ಚರಿಕೆಯ ಲಕ್ಷಣ: ಬೆರಳಿಗೆ ಜಾರುವ ಲೋಳೆ, ಗುಲಾಬಿ ಅಥವಾ ಹಳದಿ ಛಾಯೆ, ಕಮಟು ವಾಸನೆ. ತೊಳೆದು ಬಳಸುವ ಯೋಚನೆ ಬೇಡ.

ಹಂತ 4: ದೋಸೆ, ಇಡ್ಲಿ ಹಿಟ್ಟು

ಹಿಟ್ಟು ಬೇಗ ಹುಳಿಯಾಗುವುದಕ್ಕೆ ದೊಡ್ಡ ಪಾತ್ರೆಯೇ ಕಾರಣ. ಬೆಳಿಗ್ಗೆ ನಾಲ್ಕು ದೋಸೆಗೆಂದು ಇಡೀ ಪಾತ್ರೆ ಹೊರಗೆ ಬರುತ್ತದೆ, ಅರ್ಧ ಗಂಟೆ ಒಲೆಯ ಪಕ್ಕ ಕೂರುತ್ತದೆ, ಒಳಗೆ ಹೋದ ಮೇಲೂ ಮತ್ತೆ ತಣಿಯುವ ತನಕ ಹುಳಿ ಏರುತ್ತಲೇ ಇರುತ್ತದೆ. ಸಂಜೆ ಮತ್ತೆ ಅದೇ ಕಥೆ. ಆದ್ದರಿಂದ ಹಿಟ್ಟು ಉಬ್ಬಿದ ಕೂಡಲೇ ಒಂದೊಂದು ಹೊತ್ತಿಗಾಗುವಷ್ಟು ಬೇರೆ ಬೇರೆ ಡಬ್ಬಿಗಳಿಗೆ ಹಾಕಿ. ಡಬ್ಬಿಯ ಮುಕ್ಕಾಲು ಮಾತ್ರ ತುಂಬಿಸಿ, ಒಳಗೂ ಅದು ನಿಧಾನವಾಗಿ ಉಬ್ಬುತ್ತಿರುತ್ತದೆ. ತೆಗೆಯಲು ಒಣಗಿದ ಸೌಟು ಬಳಸಿ, ಕೈ ಹಾಕಬೇಡಿ.

ಯಾವ ದಿನ ಯಾವ ತಿಂಡಿ ಎನ್ನುವ ಲೆಕ್ಕ ಮೊದಲೇ ಇರಲಿ. ಮೊದಲ ದಿನ ಇಡ್ಲಿ, ಯಾಕೆಂದರೆ ಹಿಟ್ಟಿನೊಳಗಿನ ಗಾಳಿ ಆಗ ಹೆಚ್ಚು. ಎರಡು, ಮೂರನೆಯ ದಿನ ದೋಸೆ. ನಾಲ್ಕನೆಯ ದಿನ ಈರುಳ್ಳಿ ಉತ್ತಪ್ಪ. ಐದನೆಯ ದಿನ ಪಡ್ಡು. ಹುಳಿ ಏರಿದಷ್ಟೂ ದೋಸೆ ಕೆಂಪಗೆ ಬಣ್ಣ ತಿರುಗುವುದಿಲ್ಲ. ಹಿಟ್ಟಿನ ಸಕ್ಕರೆಯಂಶ ಹುದುಗಿನಲ್ಲಿ ಖರ್ಚಾಗಿರುತ್ತದೆ. ಅರ್ಧ ಚಮಚ ಸಕ್ಕರೆ ಬೆರೆಸಿದರೆ ಬಣ್ಣ ಬರುತ್ತದೆ.

ಹುಳಿ ಹಿಟ್ಟಿನ ಪಡ್ಡಿಗೆ ಅಳತೆ: ಎರಡು ಕಪ್ ಹಿಟ್ಟಿಗೆ ಕಾಲು ಕಪ್ ಚಿರೋಟಿ ರವೆ, ಸಣ್ಣಗೆ ಹೆಚ್ಚಿದ ಒಂದು ಈರುಳ್ಳಿ, ಎರಡು ಹಸಿಮೆಣಸಿನಕಾಯಿ, ಒಂದು ಹಿಡಿ ಕೊತ್ತಂಬರಿ, ಎರಡು ಚಮಚ ಕಾಯಿ ಚೂರು. ಹತ್ತು ನಿಮಿಷ ಬಿಟ್ಟು ರವೆ ನೆನೆದ ಮೇಲೆ, ಕೊನೆಯಲ್ಲಿ ಚಿಟಿಕೆ ಅಡುಗೆ ಸೋಡಾ. ಸೋಡಾ ಹುಳಿಯನ್ನು ತಗ್ಗಿಸುತ್ತದೆ, ಆದರೆ ಚಿಟಿಕೆ ದಾಟಿದರೆ ಸೋಪಿನ ರುಚಿ ಬರುತ್ತದೆ.

ಮೇಲೆ ತಿಳಿನೀರು ನಿಂತಿದ್ದರೆ ಕಲಸಿ ಬಳಸಬಹುದು. ಗುಲಾಬಿ, ಕಿತ್ತಳೆ, ಹಸಿರು, ಕಪ್ಪು ಚುಕ್ಕೆ ಅಥವಾ ನೂಲಿನಂಥ ಬೂಷ್ಟು ಕಂಡರೆ ಪೂರ್ತಿ ಚೆಲ್ಲಿ. ಮೇಲಿನ ಪದರ ತೆಗೆದು ಕೆಳಗಿನದನ್ನು ಹುಯ್ಯುವುದು ಸರಿಯಲ್ಲ, ಬೂಷ್ಟಿನ ಬೇರು ಕಣ್ಣಿಗೆ ಕಾಣದೆ ಒಳಗೆ ಇಳಿದಿರುತ್ತದೆ.

ಹಂತ 5: ಅನ್ನ ಮತ್ತು ಬೆಂದ ಬೇಳೆ

ಅನ್ನದ ವಿಷಯದಲ್ಲಿ ಸಲಿಗೆ ಬೇಡ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಇರಬಹುದು. ಕುದಿಸಿದರೂ ಅವು ಸಾಯುವುದಿಲ್ಲ. ಅನ್ನ ಬೆಚ್ಚಗೆ ಕೂತಷ್ಟು ಹೊತ್ತು ಮೊಳೆತು ಬೆಳೆದು ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ರಾತ್ರಿಯೆಲ್ಲ ಕುಕ್ಕರಿನಲ್ಲೇ ಮುಚ್ಚಿಟ್ಟ ಅನ್ನಕ್ಕೆ ಬೆಳಿಗ್ಗೆ ಎಷ್ಟು ಬಿಸಿ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡಿದರೂ ಅದು ಸುರಕ್ಷಿತವಾಗುವುದಿಲ್ಲ. ನೀರು ಹಾಕಿ ನೆನೆಸಿಟ್ಟು ಹುಳಿ ಬಂದ ಮೇಲೆ ಮಜ್ಜಿಗೆಯೊಡನೆ ಉಣ್ಣುವ ತಂಗಳನ್ನದ ಕ್ರಮವೇ ಬೇರೆ, ಕುಕ್ಕರಿನ ಅನ್ನವನ್ನು ಅದಕ್ಕೆ ಹೋಲಿಸಬಾರದು.

ಸರಿಯಾದ ಕ್ರಮ: ಊಟ ಮುಗಿದ ಕೂಡಲೇ ಮಿಕ್ಕ ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ. ಒಂದು ಗಂಟೆಯೊಳಗೆ ಆರಿಸಿ, ಡಬ್ಬಿಗೆ ತುಂಬಿ ಫ್ರಿಜ್ಜಿಗೆ ಹಾಕಿ. ಮಾರನೆಯ ದಿನವೇ ಮುಗಿಸಿ, ಒಮ್ಮೆ ಮಾತ್ರ, ಹಬೆಯಾಡುವಷ್ಟು ಬಿಸಿ ಮಾಡಿ. ಚಿತ್ರಾನ್ನಕ್ಕೆ ಫ್ರಿಜ್ಜಿನ ಅನ್ನ ಬಿಸಿ ಅನ್ನಕ್ಕಿಂತ ಚೆನ್ನ, ಅಗುಳು ಒಡೆಯುವುದಿಲ್ಲ. ಒಗ್ಗರಣೆ ಇಡುವ ಮೊದಲೇ ತೇವದ ಕೈಯಲ್ಲಿ ಗಂಟು ಬಿಡಿಸಿಕೊಳ್ಳಿ. ಬಾಣಲೆಯಲ್ಲಿ ಸೌಟಿನಿಂದ ಒಡೆಯಲು ಹೋದರೆ ಮುದ್ದೆಯಾಗುತ್ತದೆ. ನಿಂಬೆರಸ ಒಲೆ ಆರಿಸಿದ ಮೇಲೆ.

ಒಂದೇ ಕಪ್ ಅನ್ನ ಉಳಿದಿದ್ದರೆ ಅಕ್ಕಿ ರೊಟ್ಟಿ ಮಾಡಿ. ಅನ್ನವನ್ನು ನುಣ್ಣಗೆ ಹಿಸುಕಿ ಎರಡು ಕಪ್ ಅಕ್ಕಿ ಹಿಟ್ಟಿಗೆ ಸೇರಿಸಿ ಕಲಸಿದರೆ ತಟ್ಟುವಾಗ ಅಂಚು ಬಿರಿಯುವುದಿಲ್ಲ, ಆರಿದ ಮೇಲೂ ರೊಟ್ಟಿ ಮೆತ್ತಗಿರುತ್ತದೆ. ನೀರು ಮಾತ್ರ ನೋಡಿಕೊಂಡು ಹಾಕಿ, ಅನ್ನದಲ್ಲೇ ಸಾಕಷ್ಟು ತೇವ ಇರುತ್ತದೆ.

ಬೆಂದ ತೊಗರಿಬೇಳೆಗೆ ಉಪ್ಪು, ಹುಳಿ, ಒಗ್ಗರಣೆ ಏನೂ ಹಾಕುವ ಮೊದಲೇ ಮುಂದಿನ ಪಾಲು ತೆಗೆದಿಟ್ಟುಕೊಳ್ಳಿ. ಬರೀ ಬೇಳೆ ನಾಳೆ ತಿಳಿಸಾರೂ ಆಗಬಹುದು, ತೊವ್ವೆಯೂ ಆಗಬಹುದು. ಸಾಂಬಾರಾದ ಮೇಲೆ ಅದು ಸಾಂಬಾರು ಮಾತ್ರ.

ಹಂತ 6: ಸೊಪ್ಪು, ಮೆಣಸಿನಕಾಯಿ, ಶುಂಠಿ, ನಿಂಬೆ

ಕೊತ್ತಂಬರಿ ಕಟ್ಟಿನ ದಾರ ಮೊದಲು ಬಿಚ್ಚಿ. ಕಟ್ಟಿದಲ್ಲೇ ಕೊಳೆ ಶುರುವಾಗುತ್ತದೆ. ಹಳದಿ, ಕರಗಿದ ಎಲೆ ಆರಿಸಿ ತೆಗೆಯಿರಿ, ಒಂದು ಕೊಳೆತ ಎಲೆ ಇಡೀ ಕಟ್ಟನ್ನು ಕೆಡಿಸುತ್ತದೆ. ಬೇರು ಕತ್ತರಿಸಿ, ತೊಳೆಯದೆ, ಒಣ ಹತ್ತಿ ಬಟ್ಟೆಯಲ್ಲಿ ಸುತ್ತಿ ಡಬ್ಬಿಗಿಡಿ. ಎರಡು ದಿನಕ್ಕೊಮ್ಮೆ ಬಟ್ಟೆ ಬದಲಿಸಿದರೆ ವಾರ ದಾಟುತ್ತದೆ. ಸುತ್ತಲು ಹಳೆಯ ಪೇಪರು ಬೇಡ, ಅದರ ಶಾಯಿ ಆಹಾರಕ್ಕೆ ತಾಗಬಾರದೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವೇ ಎಚ್ಚರಿಸಿದೆ. ದಂಟು ಎಸೆಯಬೇಡಿ. ಎಲೆಗಿಂತ ದಂಟಿನ ಘಮ ಗಾಢ, ಸಾರು ಕುದಿಯುವಾಗ ಹಾಕಿ ಅಥವಾ ಚಟ್ನಿಗೆ ರುಬ್ಬಿ.

ಹಸಿಮೆಣಸಿನಕಾಯಿಯ ತೊಟ್ಟು ಮುರಿದು ಒಣ ಡಬ್ಬಿಯಲ್ಲಿಡಿ. ಕರಿಬೇವನ್ನು ಕಡ್ಡಿಯಿಂದ ಬಿಡಿಸಿ ಇಡಿ. ಹೆಚ್ಚಾಗಿದ್ದರೆ ನೆರಳಿನಲ್ಲಿ ಒಣಗಿಸಿ ಚಟ್ನಿಪುಡಿಗೆ ಬಳಸಿ. ನಿಂಬೆಹಣ್ಣು ಹೊರಗಿದ್ದರೆ ಸಿಪ್ಪೆ ಗಟ್ಟಿಯಾಗುತ್ತದೆ, ಬಿಗಿ ಡಬ್ಬಿಯಲ್ಲಿ ಫ್ರಿಜ್ಜಿಗಿಟ್ಟರೆ ಮೂರು ವಾರ ಮೆತ್ತಗಿರುತ್ತದೆ. ಹಿಂಡಿ ಮಿಕ್ಕ ರಸ ಐಸ್ ಟ್ರೇಗೆ.

ಶುಂಠಿ ಬೆಳ್ಳುಳ್ಳಿ ರುಬ್ಬಿದ್ದರಲ್ಲಿ ಒಂದು ಅಪಾಯ ಇದೆ. ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಹೊರಗಿಟ್ಟರೆ ಗಾಳಿಯಿಲ್ಲದ ಆ ಜಾಗದಲ್ಲಿ ಬಾಟ್ಯುಲಿಸಂ ಎಂಬ ಅಪಾಯಕಾರಿ ಆಹಾರವಿಷದ ಕಾಯಿಲೆ ತರುವ ಬ್ಯಾಕ್ಟೀರಿಯಾ ಬೆಳೆಯಬಲ್ಲದು. ಅದರ ವಿಷಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ರುಬ್ಬಿದ್ದನ್ನು ಫ್ರಿಜ್ಜಿನಲ್ಲೇ ಇಟ್ಟು ನಾಲ್ಕೈದು ದಿನಕ್ಕೆ ಮುಗಿಸಿ, ಹೆಚ್ಚಿದ್ದನ್ನು ಗುಳಿಗೆ ಮಾಡಿ ಫ್ರೀಜರಿಗೆ ಹಾಕಿ.

ಈರುಳ್ಳಿ, ಆಲೂಗಡ್ಡೆ ಒಂದೇ ಬುಟ್ಟಿಯಲ್ಲಿ ಬೇಡ, ಜೊತೆಗಿದ್ದರೆ ಆಲೂಗಡ್ಡೆ ಬೇಗ ಮೊಳೆಯುತ್ತದೆ. ಬಾಳೆಹಣ್ಣನ್ನು ಸೊಪ್ಪಿನ ಹತ್ತಿರ ಇಡಬೇಡಿ, ಅದರ ಅನಿಲಕ್ಕೆ ಸೊಪ್ಪು ಹಳದಿ ತಿರುಗುತ್ತದೆ.

ಹಂತ 7: ಸಿಪ್ಪೆ, ತಿರುಳು, ಮಾಗಿದ ಹಣ್ಣು

ಹೀರೆಕಾಯಿ ಹೆರೆಯುವ ಮೊದಲೇ ಉಪ್ಪುನೀರಿನಲ್ಲಿ ತೊಳೆಯಿರಿ, ಸಿಪ್ಪೆ ಚಟ್ನಿಗೆ ಬೇಕು. ಎಣ್ಣೆಯಲ್ಲಿ ಹಸಿ ವಾಸನೆ ಹೋಗುವ ತನಕ ಹುರಿದು, ಉದ್ದಿನಬೇಳೆ, ಒಣಮೆಣಸಿನಕಾಯಿ, ಹುಣಸೆ, ಕಾಯಿ ಸೇರಿಸಿ ರುಬ್ಬಿ. ಕಹಿ ಹೀರೆಕಾಯಿ ಆಗಿದ್ದರೆ ಸಿಪ್ಪೆಯನ್ನೂ ಕಾಯಿಯನ್ನೂ ಬಿಸಾಡಿ. ಆದ್ದರಿಂದ ಒಂದು ಚೂರು ಬಾಯಿಗೆ ಹಾಕಿ ನೋಡದೆ ಮುಂದುವರಿಯಬೇಡಿ. ಸೋರೆಕಾಯಿಗೂ ಇದೇ ಮಾತು.

ಮಂಗಳೂರು ಸೌತೆಯ ತಿರುಳು, ಕಲ್ಲಂಗಡಿಯ ಬಿಳಿ ಭಾಗ ದೋಸೆಗೆ ಒಗ್ಗುತ್ತವೆ. ನೆನೆಸಿದ ಎರಡು ಕಪ್ ಅಕ್ಕಿಗೆ ಎರಡು ಕಪ್ ತುಂಡು, ನೀರು ಹಾಕದೆ ಮೊದಲು ಅದನ್ನೇ ರುಬ್ಬಿ, ಆಮೇಲೆ ಅಕ್ಕಿ ಸೇರಿಸಿ. ತೀರ ಮಾಗಿ ಕಪ್ಪು ಚುಕ್ಕೆ ಬಿದ್ದ ಬಾಳೆಹಣ್ಣು ಬನ್ಸಿಗೆ ಹೇಳಿ ಮಾಡಿಸಿದ್ದು. ಎರಡು ಹಣ್ಣಿಗೆ ಎರಡು ಚಮಚ ಸಕ್ಕರೆ, ಎರಡು ಚಮಚ ಹುಳಿ ಮೊಸರು, ಚಿಟಿಕೆ ಸೋಡಾ, ಜೀರಿಗೆ, ಉಪ್ಪು ಹಾಕಿ, ಹಿಡಿಯುವಷ್ಟು ಮೈದಾ ಸೇರಿಸಿ ಕಲಸಿ. ನಾಲ್ಕು ಗಂಟೆ ಬಿಟ್ಟು, ದಪ್ಪಗೆ ಲಟ್ಟಿಸಿ ಕರಿಯಿರಿ. ಹುಳಿ ಮೊಸರು ಇನ್ನೂ ಉಳಿದರೆ ಮಜ್ಜಿಗೆಹುಳಿ ಇದ್ದೇ ಇದೆ.

ಹಂತ 8: ಕರಿದು ಮಿಕ್ಕ ಎಣ್ಣೆ

ಪೂರ್ತಿ ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ. ತಳದಲ್ಲಿ ಕೂತ ಬೋಂಡದ ಕಪ್ಪು ಚೂರುಗಳೇ ಎಣ್ಣೆಯನ್ನು ಬೇಗ ಕೆಡಿಸುವುದು. ಸೋಸಿದ್ದನ್ನು ಮತ್ತೆ ಕರಿಯಲು ಬಳಸದೆ ಪಲ್ಯ, ಒಗ್ಗರಣೆಗೆ ಹಾಕಿ ಎರಡು ದಿನದೊಳಗೆ ಮುಗಿಸಿ. ಹೊಸ ಎಣ್ಣೆಯ ಡಬ್ಬಕ್ಕೆ ಸುರಿಯಬೇಡಿ, ಎರಡೂ ಹಾಳು. ಪದೇಪದೇ ಕಾದ ಎಣ್ಣೆಯಲ್ಲಿ ಧ್ರುವೀಯ ಸಂಯುಕ್ತಗಳು, ಅಂದರೆ ಎಣ್ಣೆ ಕಾದು ಒಡೆದಾಗ ಹುಟ್ಟುವ ಅಂಶಗಳು, ಹೆಚ್ಚುತ್ತವೆ. ಅವು 25 ಪ್ರತಿಶತ ದಾಟಿದ ಎಣ್ಣೆಯನ್ನು ಅಡುಗೆಗೆ ಬಳಸಬಾರದೆಂಬ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಮನೆಯಲ್ಲಿ ಅದನ್ನು ಅಳೆಯಲಾಗದು, ಆದರೆ ನೊರೆ ಏಳುವುದು, ಬೆರಳಿಗೆ ಅಂಟುವುದು, ಮೊದಲಿಗಿಂತ ಬೇಗ ಹೊಗೆ ಬರುವುದು ಕಾಣುತ್ತದೆ. ಕಂಡರೆ ಬಿಟ್ಟುಬಿಡಿ. ಸಿಂಕಿಗೆ ಸುರಿದರೆ ಕೊಳವೆ ಕಟ್ಟುತ್ತದೆ, ಬಾಟಲಿಗೆ ತುಂಬಿ ಬಿಗಿಯಾಗಿ ಮುಚ್ಚಿ ಹೊರಹಾಕಿ.

ಹಂತ 9: ಸಂತೆಯ ಹಿಂದಿನ ದಿನ

ಹೊಸ ತರಕಾರಿ ತರುವ ಹಿಂದಿನ ಸಂಜೆ ಕಾಲು ಗಂಟೆ ಇದಕ್ಕೆಂದೇ ಇಡಿ. ಮೊದಲು ಫ್ರಿಜ್ಜಿನ ಹಿಂದಿನ ಸಾಲಿನ ಡಬ್ಬಿಗಳನ್ನೆಲ್ಲ ಹೊರಗೆ ತೆಗೆದು ಟೇಪು ಓದಿ. ಮುಗಿಸಬೇಕಾದವನ್ನೆಲ್ಲ ಒಂದೇ ತಟ್ಟೆಯಲ್ಲಿ, ಕಣ್ಣಿನ ಎತ್ತರದ ಅರೆಯ ಮುಂಭಾಗದಲ್ಲಿ ಕೂರಿಸಿ. ಅರ್ಧ ಕ್ಯಾರೆಟ್, ನಾಲ್ಕು ಬೀನ್ಸ್, ಒಂದು ತುಂಡು ಎಲೆಕೋಸು ಬಿಡಿಬಿಡಿಯಾಗಿ ಯಾವ ಪಲ್ಯಕ್ಕೂ ಸಾಲುವುದಿಲ್ಲ, ಒಟ್ಟು ಸೇರಿದರೆ ಒಂದು ಕೂಟಿಗೋ ಬಿಸಿಬೇಳೆಬಾತಿಗೋ ಧಾರಾಳ. ಆಮೇಲೆ ಸಂತೆಯ ಚೀಟಿ ಬರೆಯಿರಿ. ಮೊದಲೇ ಬರೆದರೆ ಇದ್ದದ್ದನ್ನೇ ಮತ್ತೆ ತರುತ್ತೀರಿ.

ಬೂಷ್ಟು ಬಂದದ್ದನ್ನು ಬೇರ್ಪಡಿಸುವಾಗ ಒಂದು ಭೇದ ತಿಳಿದಿರಲಿ. ಕ್ಯಾರೆಟ್ಟಿನಂಥ ಗಟ್ಟಿ ತರಕಾರಿಯಲ್ಲಿ ಚುಕ್ಕೆಯ ಸುತ್ತ ಒಂದು ಅಂಗುಲ ಕೊಯ್ದು ತೆಗೆದು ಮಿಕ್ಕದ್ದನ್ನು ಬಳಸಬಹುದು. ಟೊಮೆಟೊ, ಬ್ರೆಡ್ಡು, ಚಟ್ನಿ, ಬೆಂದ ಪದಾರ್ಥವಾದರೆ ಪೂರ್ತಿ ಬಿಸಾಡಿ. ಬೂಷ್ಟು ಹಿಡಿದ ಕಡಲೆಕಾಯಿ ಬೀಜ, ಕೊಬ್ಬರಿ ಹುರಿದರೂ ಬೇಡ, ಅದರಲ್ಲಿರಬಹುದಾದ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಮನೆಯ ಉರಿಗೆ ಹೋಗುವಂಥದ್ದಲ್ಲ.

ಕರೆಂಟು ಹೋದರೆ ಬಾಗಿಲು ತೆಗೆಯದೆ ಬಿಡಿ. ಮುಚ್ಚಿದ ಫ್ರಿಜ್ ಸುಮಾರು ನಾಲ್ಕು ಗಂಟೆ ತಂಪು ಹಿಡಿದಿಡುತ್ತದೆ, ತುಂಬಿದ ಫ್ರೀಜರ್ ಇನ್ನೂ ಹೆಚ್ಚು ಹೊತ್ತು. ನಾಲ್ಕು ಗಂಟೆ ಮೀರಿತೆಂದರೆ ಅನ್ನ, ಬೇಳೆ, ರುಬ್ಬಿದ ಮಸಾಲೆ ಹೊರಹಾಕಿ. ಬಿಡಿ ತರಕಾರಿ, ಮೊಸರು, ನಿಂಬೆಗೆ ಏನೂ ಆಗಿರುವುದಿಲ್ಲ. ಫ್ರೀಜರಿನಲ್ಲಿ ನೀರು ತುಂಬಿದ ಸಣ್ಣ ಬಟ್ಟಲಿನ ಮಂಜುಗಡ್ಡೆಯ ಮೇಲೆ ಒಂದು ನಾಣ್ಯ ಇಟ್ಟಿರಿ. ಊರಿಗೆ ಹೋಗಿ ಬಂದಾಗ ನಾಣ್ಯ ತಳ ಸೇರಿ ಹೆಪ್ಪುಗಟ್ಟಿದ್ದರೆ, ನೀವಿಲ್ಲದಾಗ ಎಲ್ಲವೂ ಕರಗಿ ಮತ್ತೆ ಗಟ್ಟಿಯಾಗಿದೆ ಎಂದೇ ಅರ್ಥ. ಆಗ ಒಳಗಿನ ಕಾಯಿತುರಿ, ಮಸಾಲೆ ಗುಳಿಗೆಗಳನ್ನು ಬಳಸಬೇಡಿ.